ಮನೆಯಿಂದ ಕೆಲಸದವರೆಗಿನ ದಾರಿ ಯಾರ ಲೆಕ್ಕಕ್ಕೆ?

ನಾಲ್ಕು ವರ್ಷ ನನ್ನ ಜೇಬಿನಲ್ಲಿ ಎರಡು ಬೀಗದ ಕೈ ಇದ್ದವು. ಒಂದು ಮನೆಯದು. ಇನ್ನೊಂದು ಆಫೀಸಿನ ಹತ್ತಿರ ಹಿಡಿದಿದ್ದ ರೂಮಿನದು. ಸೋಮವಾರ ಬೆಳಗಿನ ಜಾವ ಹೊರಟರೆ ಮತ್ತೆ ಮನೆಯ ಮುಖ ನೋಡುತ್ತಿದ್ದದ್ದು ಶುಕ್ರವಾರ ರಾತ್ರಿ. ಎರಡು ಬಾಡಿಗೆ, ಎರಡು ಕರೆಂಟ್ ಬಿಲ್, ಸಂಬಳ ಮಾತ್ರ ಒಂದೇ. ರಿಟರ್ನ್ ಹಾಕುವ ಹೊತ್ತಿಗೆ ಆಡಿಟರ್ ಮುಂದೆ ಟಿಕೆಟ್‌ಗಳ ಕಟ್ಟು ಇಟ್ಟೆ. ಅವರು ನಕ್ಕುಬಿಟ್ಟರು. "ದೂರ ಇರೋದು ನಿಮ್ಮಿಷ್ಟ ಅಲ್ವಾ ಸಾರ್? ಅದಕ್ಕೆ ತೆರಿಗೆ ಯಾಕೆ ಬಿಡ್ತಾರೆ?"

ಇಷ್ಟವಂತೆ! ಹೆಂಡತಿಯ ಕೆಲಸ ಅಲ್ಲಿ, ನನ್ನದು ಇಲ್ಲಿ. ಹಾಸಿಗೆ ಹಿಡಿದ ಅಪ್ಪ ಅಲ್ಲಿ.

ಆ ಮಾತು ಅವರ ಸ್ವಂತದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ರೈಲ್ವೆ ಕಂಪನಿಯ ವಕೀಲರೊಬ್ಬರ ಮನೆ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿತ್ತು. ಕಂಪನಿಯ ಮುಖ್ಯ ಕಚೇರಿ ಅಲಬಾಮಾದ ಮೊಬೀಲ್‌ನಲ್ಲಿ. 1940ರಲ್ಲಿ ಅವರು 40 ಸಲ ಓಡಾಡಿದರು. ಪ್ರಯಾಣ, ಊಟ, ಹೋಟೆಲ್ ಖರ್ಚನ್ನು ಆದಾಯದಿಂದ ಕಳೆಯಿರಿ ಅಂದರು. 1946ರಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು. ಆ ಓಡಾಟ ಕಂಪನಿಯ ಕೆಲಸಕ್ಕೆ ಬೇಕಾಗಿದ್ದಲ್ಲ, ನಿಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು ಎಂಬುದು ಅದರ ವಾದ.

ಬ್ರಿಟನ್ನಿನ ಕತೆಯೂ ಅದೇ. ಒಬ್ಬ ಬ್ಯಾರಿಸ್ಟರ್ ಹಗಲು ಲಂಡನ್ನಿನ ಚೇಂಬರಿನಲ್ಲಿ, ಸಂಜೆ ವಿಪ್‌ಸ್ನೇಡ್‌ನ ಮನೆಯಲ್ಲಿ ಕಡತ ಬಿಚ್ಚಿಕೊಂಡು ಕೂರುತ್ತಿದ್ದರು. ಮನೆಯೂ ನನ್ನ ಕೆಲಸದ ಜಾಗವೇ, ನಡುವಿನ ಪ್ರಯಾಣವೂ ಕೆಲಸದ್ದೇ ಎಂದು ವಾದಿಸಿದರು. ಮನೆ ಅಲ್ಲಿದೆ ಅಂತ ಓಡಾಡುತ್ತೀರಿ, ವೃತ್ತಿಗಾಗಿ ಅಲ್ಲ ಎಂದು ಅಪೀಲು ಕೋರ್ಟ್ 1952ರಲ್ಲಿ ತಳ್ಳಿಹಾಕಿತು. ಬ್ಯಾರಿಸ್ಟರಿಗೇ ಗೆಲ್ಲಲಾಗದ ಕೇಸು, ನನ್ನ ಟಿಕೆಟ್ ಕಟ್ಟು ಯಾವ ಲೆಕ್ಕ!

ಸರಕು ಸಾಗಿಸುವ ಗಾಡಿಯ ಡೀಸೆಲ್ ವ್ಯಾಪಾರದ ಖರ್ಚು. ಕೆಲಸಗಾರ ತನ್ನನ್ನೇ ಸಾಗಿಸಿಕೊಂಡು ಬಂದರೆ ಅದು ಸ್ವಂತ ಖರ್ಚು. ಅಂಗಡಿಯವನೂ ಮನೆಯಿಂದ ಅಂಗಡಿಗೆ ಬಂದದ್ದನ್ನು ತೋರಿಸುವಂತಿಲ್ಲ, ಒಪ್ಪಿದೆ. ಆದರೆ ಅಂಗಡಿ ಎಲ್ಲಿ ಹಾಕಬೇಕು ಅಂತ ಅವನೇ ಆರಿಸಿಕೊಂಡಿರುತ್ತಾನೆ. ಆಫೀಸ್ ಎಲ್ಲಿರಬೇಕು ಅಂತ ನನ್ನನ್ನು ಯಾರು ಕೇಳಿದರು?

ಇದನ್ನು ಬೇರೆ ಥರ ನೋಡಿದ್ದು ಜರ್ಮನಿ. ಮನೆಯಿಂದ ಕೆಲಸಕ್ಕಿರುವ ದೂರಕ್ಕೆ ಕಿಲೋಮೀಟರಿಗೆ ಇಷ್ಟು ಅಂತ ಆದಾಯದಿಂದ ಕಳೆಯಲು ಅಲ್ಲಿ ಬಿಡುತ್ತಾರೆ. 2007ರಲ್ಲಿ ಅಲ್ಲಿನ ಸರ್ಕಾರವೂ ಕೆಲಸ ಶುರುವಾಗೋದು ಕಾರ್ಖಾನೆಯ ಗೇಟಿನಲ್ಲಿ ಎಂದು ಹೇಳಿ ಮೊದಲ 20 ಕಿಲೋಮೀಟರಿನ ಕಡಿತ ಕಿತ್ತುಹಾಕಿತ್ತು. 2008ರ ಡಿಸೆಂಬರ್ 9ರಂದು ಸಂವಿಧಾನ ಕೋರ್ಟ್ ಅದನ್ನು ಒಪ್ಪಲಿಲ್ಲ. ಬೊಕ್ಕಸ ತುಂಬಬೇಕು ಅನ್ನುವುದೊಂದೇ ಇದಕ್ಕೆ ತಕ್ಕ ಕಾರಣವಲ್ಲ ಅಂದಿತು. 2026ರಿಂದ ಅಲ್ಲಿ ಮೊದಲ ಕಿಲೋಮೀಟರಿನಿಂದಲೇ ದಿನಕ್ಕೆ ಕಿಲೋಮೀಟರಿಗೆ 38 ಸೆಂಟ್ (0.38 ಯೂರೋ). ಲೆಕ್ಕ ಹಿಡಿಯುವುದು ಒಂದು ಕಡೆಯ ದೂರಕ್ಕೆ ಮಾತ್ರ. ಕಾರಲ್ಲೇ ಹೋಗಿ, ಸೈಕಲ್ ತುಳಿಯಿರಿ, ದರ ಒಂದೇ.

ಹಾಗಂತ ಕೈಗೆ ರಾಶಿ ದುಡ್ಡು ಬರುತ್ತೆ ಅಂದುಕೊಳ್ಳಬೇಡಿ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. 50 ಕಿಲೋಮೀಟರ್ ದೂರ, ವರ್ಷಕ್ಕೆ 200 ದಿನ ಅಂದರೆ 3,800 ಯೂರೋ. ಇದರಲ್ಲಿ 1,230 ಯೂರೋ ಕಡಿತ ನೌಕರರಿಗೆಲ್ಲ ಹೇಗೂ ಸುಮ್ನೆ ಸಿಗುತ್ತದೆ, ಅದನ್ನು ದಾಟಿದ್ದಷ್ಟೇ ಲಾಭ. ಬೇರೆ ಖರ್ಚು ಇಲ್ಲದಿದ್ದರೆ ಹೊಸದಾಗಿ ಸಿಕ್ಕಿದ್ದು 2,570. ಅಷ್ಟೂ ವಾಪಸ್ ಬರುವುದಿಲ್ಲ, ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತಾರೆ. ಶೇ. 30 ತೆರಿಗೆ ಕಟ್ಟುವವನಿಗೆ ಉಳಿಯುವುದು 771 ಯೂರೋ. ಶೇ. 42 ಕಟ್ಟುವ ಮೇಲಧಿಕಾರಿಗೆ ಅದೇ ರೈಲು, ಅದೇ ದೂರಕ್ಕೆ 1,079.

ನನಗೆ ಸರಿ ಕಾಣದ್ದು ಇದೇ. ಸಂಬಳ ಜಾಸ್ತಿ ಇದ್ದವನ ಕಿಲೋಮೀಟರಿಗೆ ಬೆಲೆಯೂ ಜಾಸ್ತಿ! ತೆರಿಗೆ ಬೀಳದಷ್ಟು ಕಡಿಮೆ ದುಡಿಯುವವನಿಗೆ ಈ ಕಡಿತದಿಂದ ಏನೂ ಇಲ್ಲ. ಅಂಥವರಿಗಾಗಿ 2021ರಲ್ಲಿ ಬೇರೆಯೇ ಒಂದು ಸಹಾಯಧನ ತಂದರು. 21ನೇ ಕಿಲೋಮೀಟರಿನಿಂದ ಮುಂದಕ್ಕೆ ಬರುವ ಕಡಿತದ ಮೊತ್ತದಲ್ಲಿ ಶೇ. 14 ಕೊಡುತ್ತಾರೆ. ನನ್ನ ಕೇಳಿದರೆ ಎಲ್ಲರಿಗೂ ಹೀಗೇ ಮಾಡಬೇಕು. ಆದಾಯದಿಂದ ಕಳೆಯುವ ಬದಲು ಕಿಲೋಮೀಟರಿಗೆ ಇಷ್ಟು ಅಂತ ಒಂದೇ ಮೊತ್ತವನ್ನು ತೆರಿಗೆಯಿಂದಲೇ ಬಿಡಲಿ. ತೆರಿಗೆ ಇಲ್ಲದವರಿಗೆ ಖಾತೆಗೆ ಹಾಕಲಿ.

ದೂರ ಓಡಾಡುವವರಿಗೆ ದುಡ್ಡು ಕೊಟ್ಟರೆ ಜನ ಇನ್ನೂ ದೂರ ಹೋಗ್ತಾರೆ, ಹೊಗೆ ಜಾಸ್ತಿ ಆಗುತ್ತೆ ಅನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ಹಾಗಿದ್ದರೆ ಕೆಲಸದ ಹತ್ತಿರ ರೂಮ್ ಹಿಡಿದು ವಾರಕ್ಕೊಮ್ಮೆ ಮಾತ್ರ ಮನೆಗೆ ಹೋಗುವವನ ಬಾಡಿಗೆಯನ್ನಾದರೂ ಧಾರಾಳವಾಗಿ ಬಿಡಿ ಅಂತೀನಿ ನಾನು. ಜರ್ಮನಿಯಲ್ಲಿ ದೇಶದೊಳಗಿನ ಎರಡನೇ ಮನೆಯ ಖರ್ಚನ್ನು ತಿಂಗಳಿಗೆ 1,000 ಯೂರೋವರೆಗೆ ಒಪ್ಪುತ್ತಾರೆ. ವಾರಕ್ಕೊಂದು ಸಲ ಊರಿಗೆ ಹೋಗಿಬರುವುದನ್ನೂ ಸೇರಿಸಬಹುದು. ಆದರೆ ಊರಿನಲ್ಲಿರುವುದು ನಿಜಕ್ಕೂ ನಿಮ್ಮ ಮನೆಯಾಗಿರಬೇಕು, ಅದರ ಖರ್ಚಿಗೆ ನೀವೂ ದುಡ್ಡು ಹಾಕುತ್ತಿರಬೇಕು. ಅಮ್ಮನ ಮನೆಯಲ್ಲಿ ಪುಕ್ಕಟೆ ಒಂದು ಕೋಣೆ ಇದೆ ಅಂದರೆ ನಡೆಯೋದಿಲ್ಲ.

ನನ್ನದು ಆ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಎರಡೂ ಕಡೆಯ ಬಾಡಿಗೆ ರಶೀದಿ ಇತ್ತು, ಕರೆಂಟ್ ಬಿಲ್ಲೂ ಇತ್ತು. ಆಡಿಟರ್ ಅವನ್ನೆಲ್ಲ ಟಿಕೆಟ್ ಕಟ್ಟಿನ ಜೊತೆ ಸೇರಿಸಿ, ಮತ್ತೆ ರಬ್ಬರ್ ಬ್ಯಾಂಡ್ ಹಾಕಿ ನನ್ನ ಕಡೆ ತಳ್ಳಿದರು.