ಮ್ಯಾಕಾ, ವಿಂಡೋಸಾ, ಲಿನಕ್ಸಾ? ಮೊದಲು ಸಾಫ್ಟ್‌ವೇರ್ ಹೆಸರು ಹೇಳಿ

ಮೊನ್ನೆ ಮೆಕ್ಯಾನಿಕಲ್ ಓದುತ್ತಿರುವ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಅಕ್ಕಾ, ಹೊಸ ಲ್ಯಾಪ್‌ಟಾಪ್ ತಗೋಬೇಕು. ಮ್ಯಾಕ್ ತಗೊಳ್ಳಲಾ, ವಿಂಡೋಸ್ ತಗೊಳ್ಳಲಾ?"

"ದಿನಾ ಯಾವ ಸಾಫ್ಟ್‌ವೇರ್ ತೆರೆದು ಕೂರ್ತೀಯಾ?" ಅಂದೆ.

"ಸಾಲಿಡ್‌ವರ್ಕ್ಸ್. ಆಮೇಲೆ ಆನ್ಸಿಸ್ ವರ್ಕ್‌ಬೆಂಚ್."

ಮೊದಲನೆಯದು ಯಂತ್ರದ ಭಾಗಗಳನ್ನು ಕಂಪ್ಯೂಟರ್‌ನಲ್ಲಿ ಬಿಡಿಸುವ ಕ್ಯಾಡ್ ಸಾಫ್ಟ್‌ವೇರ್, ಎರಡನೆಯದು ಆ ಭಾಗ ಭಾರ, ಬಿಸಿ ತಡೆಯುತ್ತದಾ ಅಂತ ಲೆಕ್ಕ ಹಾಕುವುದಕ್ಕೆ. ಅಲ್ಲಿಗೆ ಉತ್ತರ ಸಿಕ್ಕಿತು. ಸಾಲಿಡ್‌ವರ್ಕ್ಸ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ವರ್ಕ್‌ಬೆಂಚ್ ವಿಂಡೋಸ್‌ಗೂ ಇದೆ, ಲಿನಕ್ಸ್‌ಗೂ ಇದೆ, ಮ್ಯಾಕ್‌ಗೆ ಇಲ್ಲ.

ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಮೆಷಿನ್ ಕೊಳ್ಳುತ್ತಾರೆ, ಆಮೇಲೆ ಅದರೊಳಗೆ ತಮ್ಮ ಕೆಲಸ ತುರುಕಲು ದಾರಿ ಹುಡುಕುತ್ತಾರೆ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಹೀಗೆ ಹೋಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

"ಮ್ಯಾಕ್‌ನಲ್ಲೇ ವರ್ಚುಯಲ್ ಮೆಷಿನ್ ಹಾಕ್ಕೊಂಡ್ರೆ ಆಯ್ತಲ್ವಾ?" ಅಂತ ಅವಳೂ ಕೇಳಿದಳು. ವರ್ಚುಯಲ್ ಮೆಷಿನ್ ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿಕೊಂಡ ಇನ್ನೊಂದು ಕಂಪ್ಯೂಟರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟೆಲ್ ಚಿಪ್ ಇದ್ದ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇತ್ತು. ವಿಂಡೋಸನ್ನು ನೇರವಾಗಿ ಹಾಕಿಕೊಳ್ಳಬಹುದಿತ್ತು. 2020ರಲ್ಲಿ ಆಪಲ್‌ನದೇ ಎಂ1 ಚಿಪ್ ಬಂತು. ಅದು ಇಂಟೆಲ್‌ಗಿಂತ ಬೇರೆಯಾದ ಆರ್ಮ್ ಜಾತಿಯದು. ಆ ಹೊಸ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಈಗ ವರ್ಚುಯಲ್ ಮೆಷಿನ್‌ನಲ್ಲಿ ಹಾಕುವುದು ಆರ್ಮ್ ಚಿಪ್‌ಗೆಂದು ಮಾಡಿದ ವಿಂಡೋಸ್. ಮಾಮೂಲಿ ವಿಂಡೋಸ್ ಪ್ರೋಗ್ರಾಂಗಳನ್ನು ಅದು ಓಡಿಸುವಾಗಲೇ ಆರ್ಮ್ ಭಾಷೆಗೆ ಬದಲಿಸಿಕೊಳ್ಳುತ್ತದೆ. ಸಣ್ಣಪುಟ್ಟ ಕೆಲಸ ಆರಾಮಾಗಿ ನಡೆಯುತ್ತದೆ. ಆದರೆ ಹಾರ್ಡ್‌ವೇರ್ ಜೊತೆ ವಿಂಡೋಸ್ ಮಾತಾಡಲು ಬೇಕಾದ ಡ್ರೈವರ್‌ಗಳಿಗೆ ಈ ಅನುಕೂಲ ಇಲ್ಲ. ನಿಮ್ಮ ಸಾಫ್ಟ್‌ವೇರ್ ಲೈಸೆನ್ಸ್‌ಗೆ ಯುಎಸ್‌ಬಿ ಡಾಂಗಲ್ ಕೇಳುತ್ತದೆ, ಆ ಡಾಂಗಲ್‌ನ ಡ್ರೈವರ್ ಆರ್ಮ್‌ಗೆ ಬಂದಿಲ್ಲ ಅಂದುಕೊಳ್ಳಿ. ಕೆಲಸ ಅಲ್ಲೇ ನಿಂತಿತು. ತಿಂಗಳಿಗೊಮ್ಮೆ ಒಂದು ಫೈಲ್ ತೆರೆದು ನೋಡಲು ಈ ದಾರಿ ಸಾಕು. ದಿನವಿಡೀ ಅದರಲ್ಲೇ ಕೂರುವವರಿಗೆ ನಾನಂತೂ ಹೇಳುವುದಿಲ್ಲ.

ಮ್ಯಾಕ್ ಬಗ್ಗೆ ನನಗೆ ತಕರಾರಿಲ್ಲ. ಐಫೋನ್ ಆ್ಯಪ್ ಮಾಡುವವರಿಗೆ ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ಇದೆ. ಮ್ಯಾಟ್‌ಲ್ಯಾಬ್, ಪೈಥಾನ್, ಕೈಕ್ಯಾಡ್ ಎಲ್ಲ ಮೂರರಲ್ಲೂ ನಡೆಯುತ್ತವೆ. ನಕ್ಷೆಯ ಕೆಲಸದಲ್ಲಿ ಆರ್ಕ್‌ಜಿಐಎಸ್ ಪ್ರೊ ವಿಂಡೋಸ್‌ಗೆ ಅಂಟಿಕೊಂಡಿದೆ, ಕ್ಯೂಜಿಐಎಸ್‌ಗೆ ಆ ಹಂಗಿಲ್ಲ. ಆದರೆ ಹೆಸರು ಒಂದೇ ಅಂತ ಒಳಗಿರುವುದೂ ಒಂದೇ ಅಂದುಕೊಳ್ಳಬೇಡಿ. ಆಟೋಕ್ಯಾಡ್ ಮ್ಯಾಕ್‌ಗೂ ಇದೆ. ವಿಂಡೋಸ್‌ನಲ್ಲಿ ಸಿಗುವ ಆರ್ಕಿಟೆಕ್ಚರ್, ಮೆಕ್ಯಾನಿಕಲ್ ಟೂಲ್‌ಸೆಟ್‌ಗಳು ಅದರಲ್ಲಿಲ್ಲ. ಇನ್ನು ಗ್ರಾಫಿಕ್ಸ್ ಕಾರ್ಡ್‌ನಲ್ಲೇ ಲೆಕ್ಕ ಓಡಿಸುವ ಎನ್ವಿಡಿಯಾದ 'ಕೂಡಾ' (CUDA) ಬೇಕಾದ ಕೆಲಸವಿದ್ದರೆ ಎನ್ವಿಡಿಯಾ ಕಾರ್ಡ್ ಇರಲೇಬೇಕು. ಈಗಿನ ಯಾವ ಮ್ಯಾಕ್‌ನಲ್ಲೂ ಅದಿಲ್ಲ.

ಲಿನಕ್ಸ್ ನನ್ನ ಮನಸ್ಸಿಗೆ ಹತ್ತಿರ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿ ಇದೆಯಲ್ಲ, 2017ರ ನವೆಂಬರ್‌ನಿಂದ ಅದರಲ್ಲಿರುವ ಐನೂರೂ ಲಿನಕ್ಸ್‌ನಲ್ಲೇ ಓಡುತ್ತಿವೆ. ಅಂದರೆ ನಿಮ್ಮ ಲೆಕ್ಕ ಲ್ಯಾಪ್‌ಟಾಪ್‌ಗೆ ಮೀರಿ ಬೆಳೆದ ದಿನ, ಅದು ಹೋಗಿ ಸೇರುವುದು ಹೆಚ್ಚುಕಡಿಮೆ ಲಿನಕ್ಸ್ ಮೆಷಿನ್‌ಗೇ. ಮುಂಚೆಯೇ ಪರಿಚಯ ಇದ್ದರೆ ಒಳ್ಳೆಯದು. ನನಗೆ ಇರಲಿಲ್ಲ. ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ಒಂದನ್ನು ರಾತ್ರಿ ಸರ್ವರ್‌ಗೆ ಕಳಿಸಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಶುರುವಾದ ಕೂಡಲೇ ನಿಂತುಹೋಗಿದೆ. ಫೈಲಿನ ಹೆಸರು ದೊಡ್ಡ 'ಎಂ'ನಿಂದ ಶುರುವಾಗಿತ್ತು, ಸ್ಕ್ರಿಪ್ಟ್‌ನಲ್ಲಿ ನಾನು ಬರೆದಿದ್ದು ಚಿಕ್ಕ 'ಎಂ'. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಇಡೀ ರಾತ್ರಿಯ ಲೆಕ್ಕ ಹೋಯಿತು. ಮಧ್ಯಾಹ್ನ ಆ ಫಲಿತಾಂಶಕ್ಕೆ ಕಾದು ಕೂತಿದ್ದ ಜೊತೆಗಾರರ ಮುಖ ಇನ್ನೂ ನೆನಪಿದೆ.

ಈಗಿನವರಿಗೆ ಡಬ್ಲ್ಯುಎಸ್ಎಲ್ ಇದೆ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸಬಹುದು. ಕ್ಯಾಡ್ ವಿಂಡೋಸ್‌ನಲ್ಲಿ ಮಾಡಿ, ಲೆಕ್ಕದ ಸ್ಕ್ರಿಪ್ಟ್‌ಗಳನ್ನು ಅಲ್ಲೇ ಪಕ್ಕದಲ್ಲಿ ಪ್ರಯತ್ನಿಸಿ ನೋಡಬಹುದು. ಆ ಕಾಲದಲ್ಲಿ ನನಗೆ ಇದು ಸಿಕ್ಕಿದ್ದರೆ ಅಂತ ಎಷ್ಟೋ ಸಲ ಅನಿಸಿದೆ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆ. ಪ್ರಾಜೆಕ್ಟ್‌ನಲ್ಲಿ ಜೊತೆಗಿರುವವರು ಏನು ಬಳಸುತ್ತಾರೆ, ಕೇಳು. ರಾತ್ರಿ ಹನ್ನೊಂದಕ್ಕೆ ಇನ್‌ಸ್ಟಾಲ್ ಕೈಕೊಟ್ಟಾಗ ನಿನ್ನಂಥದ್ದೇ ಮೆಷಿನ್ ಇರುವ ಗೆಳತಿ ಒಬ್ಬಳಿದ್ದರೆ ಅದು ಚಿಪ್‌ನ ವೇಗಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ರ‍್ಯಾಮ್ ಆಮೇಲೆ ಹೆಚ್ಚಿಸಲು ಆಗುತ್ತಾ, ಅದನ್ನೂ ನೋಡು. ಲೆಕ್ಕಕ್ಕಾಗಿ ಭಾಗವನ್ನು ಸಣ್ಣ ಸಣ್ಣ ತುಂಡು ಮಾಡಿದ ಬಲೆ, ಅಂದರೆ ಮೆಶ್, ದೊಡ್ಡದಾದಷ್ಟೂ ಅದು ರ‍್ಯಾಮ್ ನುಂಗುತ್ತದೆ.

ನಿನ್ನೆ ಅವಳ ಮೆಸೇಜ್ ಬಂತು. ವಿಂಡೋಸ್ ಲ್ಯಾಪ್‌ಟಾಪ್ ತಗೊಂಡಿದ್ದಾಳೆ. ಡಬ್ಲ್ಯುಎಸ್ಎಲ್ ಒಳಗೆ ಓಪನ್‌ಫೋಮ್ (ಗಾಳಿ, ನೀರಿನ ಹರಿವಿನ ಲೆಕ್ಕ ಹಾಕುವ ಸಾಫ್ಟ್‌ವೇರ್) ಹಾಕುವುದು ಹೇಗೆ ಅಂತ ಕೇಳಿದ್ದಾಳೆ. ಇವತ್ತು ಸಂಜೆ ಇಬ್ಬರೂ ಕೂತು ಹಾಕುತ್ತೇವೆ.