ಉಡುಪಿ ಪಟ್ಟಿಯ ಕೊನೆಯಲ್ಲೇಕೆ?

ಮೊಬೈಲ್ ಆ್ಯಪ್‌ನಲ್ಲಿ ಡ್ರಾಪ್‌ಡೌನ್ ಮೆನುವನ್ನು (ಮುಟ್ಟಿದಾಗ ತೆರೆದುಕೊಳ್ಳುವ ಆಯ್ಕೆಗಳ ಪಟ್ಟಿಯನ್ನು) ಕಸ್ಟಮೈಸ್ ಮಾಡಿದ್ದೇವೆ ಎನ್ನುವವರ ಕೋಡ್ ತೆರೆದು ನೋಡಿದರೆ ಸಾಮಾನ್ಯವಾಗಿ ಕಾಣುವುದು ಬಣ್ಣ, ನೆರಳು, ದುಂಡಗಿನ ಅಂಚು ಮತ್ತು ಬಾಣದ ಗುರುತು, ಇಷ್ಟೇ. ಮೆನು ಯಾವ ಕಡೆಗೆ ತೆರೆದುಕೊಳ್ಳಬೇಕು, ಪಟ್ಟಿ ಯಾವ ಕ್ರಮದಲ್ಲಿರಬೇಕು, ಹುಡುಕಿದರೆ ಸಿಗುತ್ತದೆಯೇ, ಮೇಲಿನ ಆಯ್ಕೆ ಬದಲಾದರೆ ಕೆಳಗಿನದರ ಗತಿ ಏನು ಎಂಬುದನ್ನೆಲ್ಲ ಫ್ರೇಮ್‌ವರ್ಕ್‌ನ (ಆ್ಯಪ್ ಕಟ್ಟುವ ಸಿದ್ಧ ಸಲಕರಣೆಯ) ಡೀಫಾಲ್ಟ್‌ಗೆ, ಅಂದರೆ ಅದರಲ್ಲಿ ಮೊದಲೇ ಇರುವ ಹೊಂದಿಕೆಗೆ, ಒಪ್ಪಿಸಿ ಕೈತೊಳೆದುಕೊಂಡಿರುತ್ತಾರೆ. ಫ್ಲಟರ್ ಎಂಬ ಫ್ರೇಮ್‌ವರ್ಕ್‌ನಲ್ಲಿ ಕನ್ನಡ ಫಾರ್ಮ್‌ಗಳನ್ನು ಕಟ್ಟುವ ಕೆಲಸದಲ್ಲಿರುವ ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾದದ್ದು. ಬಣ್ಣ ಡೀಫಾಲ್ಟ್ ಆಗಿದ್ದರೂ ನಡೆಯುತ್ತದೆ. ವರ್ತನೆಯನ್ನು ಮಾತ್ರ ಬಳಸುವವರ ಭಾಷೆಗೂ ಡೇಟಾಗೂ ತಕ್ಕಂತೆ ತಿದ್ದಲೇಬೇಕು.

ಕರ್ನಾಟಕದ 31 ಜಿಲ್ಲೆಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಅದೇ ಕ್ರಮದಲ್ಲಿ ಕನ್ನಡಕ್ಕೆ ತಂದು ಕೂರಿಸುವುದು ವಾಡಿಕೆ. ಹಾಗೆ ಮಾಡಿದಾಗ ಪಟ್ಟಿ ಬಾಗಲಕೋಟೆಯಿಂದ ಶುರುವಾಗುತ್ತದೆ, ಅದರ ಕೆಳಗೆ ಬಳ್ಳಾರಿ ಬರುತ್ತದೆ, ಉಡುಪಿ ಮತ್ತು ಉತ್ತರ ಕನ್ನಡ ತುಮಕೂರನ್ನೂ ದಾಟಿ ಕೊನೆಯ ಸಾಲುಗಳಿಗೆ ಹೋಗುತ್ತವೆ. ಕನ್ನಡ ವರ್ಣಮಾಲೆಯ ಪ್ರಕಾರ ಉಡುಪಿಯೇ ಮೊದಲನೆಯದಾಗಬೇಕು, ಏಕೆಂದರೆ ಅದಕ್ಕಿಂತ ಮುಂಚಿನ ಅಕ್ಷರಗಳಿಂದ ಆರಂಭವಾಗುವ ಜಿಲ್ಲೆಯೇ ನಮ್ಮಲ್ಲಿಲ್ಲ; ಹಾಸನ ಮತ್ತು ಹಾವೇರಿ ಕೊನೆಗೆ ಬರಬೇಕು. ಕನ್ನಡ ಮಾತ್ರ ಓದಬಲ್ಲವರಿಗೆ ಇಂಗ್ಲಿಷ್ ಕ್ರಮದ ಪಟ್ಟಿ ಗೊತ್ತುಗುರಿಯಿಲ್ಲದ ರಾಶಿಯಂತೆ ಕಾಣುತ್ತದೆ, ಒಂದೊಂದು ಸಾಲನ್ನೂ ಓದದೆ ಅವರಿಗೆ ಬೇರೆ ದಾರಿಯಿಲ್ಲ. ಭಾಷೆ ಬದಲಾದಾಗ ಪಟ್ಟಿಯನ್ನು ಮತ್ತೆ ಜೋಡಿಸಲು ಬೇಕಾಗಿರುವುದು ಒಂದು ಸಾಲಿನ ಕೋಡ್. ಯೂನಿಕೋಡ್ ಸಂಕೇತಗಳ (ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆಗಳ) ಕ್ರಮದಲ್ಲಿ ಜೋಡಿಸಿದರೂ ಈ ಪಟ್ಟಿಯ ಮಟ್ಟಿಗೆ ಫಲಿತಾಂಶ ಸರಿಯಾಗಿಯೇ ಬರುತ್ತದೆ, ಆದರೆ ಊರು ಅಥವಾ ವ್ಯಕ್ತಿಗಳ ಹೆಸರುಗಳ ಉದ್ದನೆಯ ಪಟ್ಟಿಯಿದ್ದಾಗ ಎಚ್ಚರ ಬೇಕು: ಯೂನಿಕೋಡ್‌ನಲ್ಲಿ ‘ಳ’ಕಾರವು ‘ಲ’ ಮತ್ತು ‘ವ’ಗಳ ನಡುವೆ ಇದೆ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ಕಾರದ ನಂತರ ಬರುತ್ತದೆ.

ಹುಡುಕಾಟದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಫ್ಲಟರ್‌ನ ಹೊಸ ‘ಡ್ರಾಪ್‌ಡೌನ್‌ಮೆನು’ ವಿಜೆಟ್‌ನಲ್ಲಿ (ಪರದೆಯ ಸಿದ್ಧ ಘಟಕದಲ್ಲಿ) ಅಕ್ಷರ ಟೈಪಿಸಿ ಪಟ್ಟಿಯನ್ನು ಸೋಸುವ ವ್ಯವಸ್ಥೆ ಇದೆ, ಆದರೆ ‘ಎನೇಬಲ್‌ಫಿಲ್ಟರ್’ ಡೀಫಾಲ್ಟ್ ಆಗಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿದ ಮೇಲೂ ಮೊಬೈಲ್‌ನಲ್ಲಿ ಮುಟ್ಟಿದಾಗ ಕೀಬೋರ್ಡ್ ಬರುವುದಿಲ್ಲ. ‘ರಿಕ್ವೆಸ್ಟ್‌ಫೋಕಸ್‌ಆನ್‌ಟ್ಯಾಪ್’ ಅನ್ನೂ ಆನ್ ಮಾಡಬೇಕು. ಇದನ್ನು ತಿಳಿಯದೆ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಅಷ್ಟಾದರೂ ಕೆಲಸ ಮುಗಿಯುವುದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು, ಜನರ ಬಾಯಲ್ಲಿ ಮತ್ತು ಹಳೆಯ ಕಾಗದಪತ್ರಗಳಲ್ಲಿ ಗುಲ್ಬರ್ಗ, ಬಿಜಾಪುರ ಇನ್ನೂ ಇವೆ. ‘ಗುಲ್ಬರ್ಗ’ ಎಂದು ಟೈಪಿಸಿದವರಿಗೆ ಖಾಲಿ ಪಟ್ಟಿ ತೋರಿಸಿದರೆ ಅವರು ತಮ್ಮ ಜಿಲ್ಲೆಯೇ ಆ್ಯಪ್‌ನಲ್ಲಿಲ್ಲ ಎಂದುಕೊಳ್ಳುತ್ತಾರೆ. ಸೋಸುವ ನಿಯಮವನ್ನು ನಾವೇ ಬರೆಯಬಹುದಾದ ‘ಫಿಲ್ಟರ್‌ಕಾಲ್‌ಬ್ಯಾಕ್’ನಲ್ಲಿ ಪ್ರತಿ ಜಿಲ್ಲೆಯ ಹಳೆಯ ಹೆಸರು ಮತ್ತು ಇಂಗ್ಲಿಷ್ ಕಾಗುಣಿತಗಳನ್ನು ಕೊಟ್ಟು, ಯಾವುದನ್ನು ಟೈಪಿಸಿದರೂ ಕಲಬುರಗಿ ಸಿಗುವಂತೆ ಮಾಡುವುದನ್ನೇ ನಾನು ನಿಜವಾದ ಕಸ್ಟಮೈಸೇಶನ್ ಎನ್ನುತ್ತೇನೆ.

ಹೆಸರು ಬದಲಾವಣೆಯ ಇನ್ನೊಂದು ಪೆಟ್ಟು ಬೀಳುವುದು ತಿದ್ದುಪಡಿ ಪರದೆಯಲ್ಲಿ. ಹಳೆಯ ದಾಖಲೆಯಲ್ಲಿ ‘ಬಿಜಾಪುರ’ ಎಂದು ಉಳಿದಿದ್ದು ಹೊಸ ಪಟ್ಟಿಯಲ್ಲಿ ‘ವಿಜಯಪುರ’ ಮಾತ್ರ ಇದ್ದರೆ, ಹಳೆಯ ‘ಡ್ರಾಪ್‌ಡೌನ್‌ಬಟನ್’ ವಿಜೆಟ್ ಡೀಬಗ್ (ದೋಷ ಪತ್ತೆಯ) ಹಂತದಲ್ಲಿ ಕೆಂಪು ಪರದೆ ತೋರಿಸಿ ನಿಲ್ಲುತ್ತದೆ, ಏಕೆಂದರೆ ಆಯ್ಕೆಯಾದ ಮೌಲ್ಯ ಪಟ್ಟಿಯಲ್ಲಿ ಒಮ್ಮೆ, ಒಮ್ಮೆ ಮಾತ್ರ, ಇರಬೇಕೆಂಬುದು ಅದರ ಕಟ್ಟುನಿಟ್ಟು. ಬಳಕೆದಾರರ ಕೈಸೇರುವ ರಿಲೀಸ್ ಆವೃತ್ತಿಯಲ್ಲಿ ಆ ಎಚ್ಚರಿಕೆಯೂ ಇರುವುದಿಲ್ಲ. ಜಿಲ್ಲೆಯನ್ನು ಬದಲಿಸಿದಾಗ ತಾಲ್ಲೂಕಿನ ಹಿಂದಿನ ಆಯ್ಕೆಯನ್ನು ತೆರವುಗೊಳಿಸದಿದ್ದರೂ ಇದೇ ಪಾಡು. ಹೆಸರನ್ನು ಬಿಟ್ಟು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡ್ ಸಂಖ್ಯೆಗಳನ್ನು ಮೌಲ್ಯವಾಗಿ ಇಟ್ಟುಕೊಂಡರೆ ಮೊದಲನೆಯ ತೊಂದರೆ ತಪ್ಪುತ್ತದೆ. ಎರಡನೆಯದಕ್ಕೆ ಜಿಲ್ಲೆ ಬದಲಾದೊಡನೆ ತಾಲ್ಲೂಕನ್ನು ‘ನಲ್’ (ಖಾಲಿ) ಮಾಡದೆ ಗತ್ಯಂತರವಿಲ್ಲ.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಹೆಸರುಗಳೂ ಉದ್ದ. ‘ಡ್ರಾಪ್‌ಡೌನ್‌ಬಟನ್’ನ ಸಾಲಿನ ಎತ್ತರ ಡೀಫಾಲ್ಟ್ ಆಗಿ 48 ಪಿಕ್ಸೆಲ್‌ಗೆ ಸೀಮಿತ. ಕಣ್ಣು ಮಂದವಾದವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಾಗ ‘ಬೆಂಗಳೂರು ಗ್ರಾಮಾಂತರ’ ಎರಡು ಸಾಲಾಗಿ, ಆ ಎತ್ತರ ಸಾಲದೆ ಹೋಗುತ್ತದೆ. ‘ಐಟಂಹೈಟ್’ ಅನ್ನು ‘ನಲ್’ ಮಾಡಿದರೆ ಪ್ರತಿ ಸಾಲೂ ತನಗೆ ಬೇಕಾದಷ್ಟು ಎತ್ತರ ಪಡೆಯುತ್ತದೆ, ‘ಈಸ್‌ಎಕ್ಸ್‌ಪಾಂಡೆಡ್’ ಹಾಕಿದರೆ ಅಗಲದ ಸಮಸ್ಯೆಯೂ ಬಗೆಹರಿಯುತ್ತದೆ. ಮುಚ್ಚಿದ ಬಟನ್‌ನಲ್ಲಿ ಚಿಕ್ಕ ಹೆಸರು, ತೆರೆದ ಪಟ್ಟಿಯಲ್ಲಿ ಪೂರ್ಣ ಹೆಸರು ಬೇಕೆಂದರೆ ‘ಸೆಲೆಕ್ಟೆಡ್‌ಐಟಂಬಿಲ್ಡರ್’ ಇದೆ.

ಇಷ್ಟೆಲ್ಲ ಹೊಂದಿಸುವ ಬದಲು ಸ್ವಂತ ಮೆನುವನ್ನೇ ಬರೆದುಬಿಡುತ್ತೇವೆ ಎಂಬ ಉತ್ಸಾಹವನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಟ್ಟಿ ಬಟನ್‌ನ ಮೇಲೆ ಬರದೆ ಕೆಳಗೇ ತೆರೆಯಬೇಕು ಎಂಬ ಒಂದೇ ಕಾರಣಕ್ಕೆ ಪರದೆಯ ಮೇಲೊಂದು ಪೆಟ್ಟಿಗೆ ತೇಲಿಸಿ ಅದನ್ನೇ ಡ್ರಾಪ್‌ಡೌನ್ ಎಂದು ಕರೆದ ಆ್ಯಪ್‌ಗಳನ್ನು ನೋಡಿದ್ದೇನೆ. ಅಂಥವುಗಳಲ್ಲಿ ಬ್ಯಾಕ್ ಒತ್ತಿದರೆ ಮೆನು ಮುಚ್ಚುವ ಬದಲು ಇಡೀ ಫಾರ್ಮ್ ಮಾಯವಾಗುತ್ತದೆ, ಹೊರಗೆ ಮುಟ್ಟಿದರೆ ಏನೂ ಆಗುವುದಿಲ್ಲ, ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವ ಅಂಧರಿಗೆ ಅಲ್ಲೊಂದು ಮೆನು ಇದೆಯೆಂಬುದೇ ತಿಳಿಯುವುದಿಲ್ಲ. ಕೆಳಗೆ ತೆರೆಯುವುದಷ್ಟೇ ಬೇಕಿದ್ದರೆ ಹೊಸ ‘ಡ್ರಾಪ್‌ಡೌನ್‌ಮೆನು’ ಸಾಕು.

ಇನ್ನು ಹೌದು, ಇಲ್ಲ ಎಂಬಂಥ ಎರಡೇ ಆಯ್ಕೆಗಳಿದ್ದಲ್ಲಿ ರೇಡಿಯೊ ಬಟನ್ ಇಡಿ, ಹುಟ್ಟಿದ ವರ್ಷವನ್ನು ಕೀಪ್ಯಾಡ್‌ನಲ್ಲಿ ಟೈಪಿಸಲು ಬಿಡಿ. 1958ರಲ್ಲಿ ಹುಟ್ಟಿದ ಹಿರಿಯರನ್ನು ಈ ವರ್ಷದಿಂದ ಹಿಂದಕ್ಕೆ ಸ್ಕ್ರಾಲ್ ಮಾಡಿಸುವ ಡ್ರಾಪ್‌ಡೌನ್‌ಗಳು ಈಗಲೂ ಹೊಸದಾಗಿ ಬರುತ್ತಲೇ ಇವೆ.