ಹುಳುಕಡ್ಡಿಗೆ ಮನೆಮಂದಿಗೆಲ್ಲ ಒಟ್ಟಿಗೇ ಮದ್ದಾಗಬೇಕು

ಎರಡು ವಾರ ಮುಲಾಮು ಹಚ್ಚಿದರೆ ಹೋಗುತ್ತಿದ್ದ ಹುಳುಕಡ್ಡಿ (ಚರ್ಮಕ್ಕೆ ಶಿಲೀಂಧ್ರ ಹತ್ತಿ ಬರುವ ಉಂಗುರದಂಥ ತುರಿಕೆ ಕಲೆ) ಈಗ ತಿಂಗಳುಗಟ್ಟಲೆ ಕಾಡುತ್ತಿದೆ. ತೊಡೆಸಂದು, ಸೊಂಟ, ಕಂಕುಳು, ಎದೆಯ ಕೆಳಗೆ, ಹೀಗೆ ಬೆವರು ನಿಲ್ಲುವ ಕಡೆಯೆಲ್ಲ ಹಬ್ಬುತ್ತದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ನೇರ ಮೆಡಿಕಲ್ ಶಾಪ್‌ಗೆ ಹೋಗುವವರೇ ಜಾಸ್ತಿ. ಕೆಡುವುದು ಅಲ್ಲೇ.

ಅಲ್ಲಿ ಕೊಡುವ ಟ್ಯೂಬ್ ಬಹಳ ಸಲ ಮಿಶ್ರಣದ್ದು: ಶಿಲೀಂಧ್ರದ ಮದ್ದಿನ ಜೊತೆ ಸ್ಟಿರಾಯ್ಡ್. ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂಬ ಸ್ಟಿರಾಯ್ಡ್ ಹೆಸರು ಇದ್ದರೆ ವಾಪಸ್ ಕೊಡಿ. ಅದನ್ನು ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಗುಣವಾಯಿತು ಅನ್ನಿಸುತ್ತದೆ. ಆದರೆ ಸ್ಟಿರಾಯ್ಡ್ ಚರ್ಮದ ಪ್ರತಿರೋಧವನ್ನೇ ಅಡಗಿಸಿರುತ್ತದೆ, ಶಿಲೀಂಧ್ರ ಆರಾಮಾಗಿ ಬೆಳೆಯುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಚರ್ಮ ತೆಳ್ಳಗಾಗಿ ತೊಡೆಸಂದಿನಲ್ಲಿ ಬೀಳುವ ಬಿರುಕುಗೆರೆಗಳು ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾಡಿತು. ಚೀಟಿ ಕೇಳದೆ ಕೊಡುವುದು ಮಾತ್ರ ಇನ್ನೂ ನಿಂತಿಲ್ಲ. ಇದು ಸಿಟ್ಟು ಬರಿಸುವ ವಿಷಯ.

ಶಿಲೀಂಧ್ರವೂ ಬದಲಾಗಿದೆ. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟ ಶಿಲೀಂಧ್ರ ಜಾತಿ ನಮ್ಮ ದೇಶದಲ್ಲಿ ಎಲ್ಲೆಡೆ ಇದೆ, ಯುರೋಪು, ಅಮೆರಿಕದಲ್ಲೂ ಕಂಡಿದೆ. ಇದರಲ್ಲಿ ಅನೇಕವು ಟರ್ಬಿನಾಫಿನ್ ಎಂಬ ಶಿಲೀಂಧ್ರದ ಮದ್ದಿಗೆ ಜಗ್ಗುವುದಿಲ್ಲ. ಹಾಗಾಗಿ ವೈದ್ಯರು ಇಟ್ರಾಕೊನಜೋಲ್ ಎಂಬ ಇನ್ನೊಂದು ಮದ್ದು ಬರೆಯುತ್ತಾರೆ. ಅದರ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ಗ್ಯಾಸ್ಟ್ರಿಕ್ ಮಾತ್ರೆ ಜೊತೆ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೃದಯದ ತೊಂದರೆ, ಲಿವರ್ ತೊಂದರೆ, ಗರ್ಭ ಇದ್ದರೆ ಮೊದಲೇ ಹೇಳಿ.

ಮುಲಾಮು ಹಚ್ಚುವುದರಲ್ಲೂ ಎಡವುತ್ತೇವೆ. ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನವರೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗಿನ ಉದ್ದದ ಮುಲಾಮು, ಅಂದರೆ ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈ ಅಗಲಕ್ಕೆ ಸಾಕು. ಆರು ಅಂಗೈ ಅಗಲ ಹಬ್ಬಿದ್ದರೆ ದಿನಕ್ಕೆರಡು ಸಲಕ್ಕೆ ಮೂರು ಗ್ರಾಂ ಬೇಕು, 15 ಗ್ರಾಂ ಟ್ಯೂಬ್ ಐದೇ ದಿನಕ್ಕೆ ಮುಗಿಯುತ್ತದೆ. ಒಂದೇ ಟ್ಯೂಬನ್ನು ತಿಂಗಳು ಎಳೆದರೆ ಕಾಯಿಲೆಯೂ ಅಷ್ಟೇ ಎಳೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಮರಳಿ ಬಂದರೆ ಮನೆಯೊಳಗೆ ನೋಡಿ. ಅಪ್ಪನಿಗೆ ಮದ್ದು ನಡೆಯುತ್ತಿರುತ್ತದೆ, ಅಮ್ಮ ಸೊಂಟದ ತುರಿಕೆಯನ್ನು ಯಾರಿಗೂ ಹೇಳಿರುವುದಿಲ್ಲ, ಟವೆಲ್ಲು ಒಂದೇ. ತುರಿಕೆ ಇರುವವರೆಲ್ಲ ಒಂದೇ ದಿನ ಶುರು ಮಾಡಬೇಕು. ಟವೆಲ್ಲು, ಒಳಉಡುಪು, ಹಾಸಿಗೆ ಬೇರೆ ಬೇರೆ ಇರಲಿ. ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಲೆನಾಡು, ಕರಾವಳಿಯ ಮಳೆಯಲ್ಲಿ ಬಿಸಿಲೆಲ್ಲಿ? ಅಲ್ಲಿ ಹೊಲಿಗೆಯ ಮೇಲೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ತೊಡಿ. ಸದಾ ಒದ್ದೆ ಇರುವ ಉಡಿದಾರವನ್ನು ವಾಸಿಯಾಗುವವರೆಗೆ ತೆಗೆದಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ.

ಮಕ್ಕಳ ತಲೆಯಲ್ಲಿ ಹೊಟ್ಟಿನ ಜೊತೆ ಕೂದಲು ತುಂಡಾಗಿ ಉದುರುತ್ತಿದ್ದರೆ ಮುಲಾಮಿನಿಂದ ಆಗದು. ಶಿಲೀಂಧ್ರ ಕೂದಲಿನ ಬುಡದೊಳಗೇ ಇರುವುದರಿಂದ ಹೊಟ್ಟೆಗೇ ಮದ್ದು ಬೇಕು, ಅದನ್ನು ಮಗುವಿನ ತೂಕ ನೋಡಿ ವೈದ್ಯರೇ ಬರೆಯಬೇಕು.